ನಮ್ಮವರು ದೇಹ ಬಿಟ್ಟು ಹೋದ ಇಪ್ಪತ್ತು ನಿಮಿಷ

ಹೋದ ವರ್ಷ ಹೃದಯದ ಆಪರೇಷನ್ ನಡೆದಾಗ ನಮ್ಮವರು ದೇಹ ಬಿಟ್ಟು ಹೊರಗೆ ಹೋಗಿ, ಇಪ್ಪತ್ತು ನಿಮಿಷ ತೇಲಾಡಿ, ವಾಪಸು ಬಂದರು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಹಾಲಿನವನಿಗೆ ಹೇಳಿದ್ದಾರೆ, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದ್ದಾರೆ, ರಾಂಗ್ ನಂಬರಿನಿಂದ ಫೋನ್ ಬಂದರೆ ಅವರನ್ನೂ ಹಿಡಿದು ನಿಲ್ಲಿಸಿ ಹೇಳಿದ್ದಾರೆ. ನಾನು ತಾರಾಬಾಯಿ, ಧಾರವಾಡದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಮ್ಮವರು ಬಿಂದುಮಾಧವರಾಯರು ಮೂವತ್ತು ವರ್ಷ ಸರ್ವೇ ಆಫೀಸಿನಲ್ಲಿದ್ದು ಊರವರ ಹೊಲ ಅಳೆದವರು. ಹಾಗಾಗಿ ಆತ್ಮವಾದ ಮೇಲೂ ಅಳತೆ ಬಿಡಲಿಲ್ಲ.

"ಕರೆಕ್ಟ್ ಒಂಬತ್ತೂವರೆ ಫೂಟ್ ಮ್ಯಾಲ ಇದ್ದೆ ನೋಡ್ರಿ. ಕೆಳಗ ನನ್ನ ದೇಹ ಮಲಗೇದ. ನೋವಿಲ್ಲ, ಅಂಜಿಕಿ ಇಲ್ಲ. ದೊಡ್ಡ ದೀಪದ ಮ್ಯಾಲ ಒಂದು ನೊಣ ಸತ್ತು ಬಿದ್ದಿತ್ತು, ಅದನ್ನೂ ನೋಡಿದೆ" ಎಂದು ಶುರುವಾಗುತ್ತದೆ ಅವರ ಕಥೆ. ಮುಗಿಯುವುದು ಯಾವಾಗಲೂ ನನ್ನಲ್ಲಿ. "ಹೊರಗ ಇಕಿ ನೀರು ಸೈತ ಮುಟ್ಟದ ಉಪವಾಸ ಕೂತಿದ್ಲು. ಆ ಪುಣ್ಯಾನ ನನ್ನ ತಿರುಗಿ ಎಳಕೊಂಡು ಬಂತು." ಆಗ ಬಂದವರೆಲ್ಲ ನನ್ನ ಕಡೆ ತಿರುಗುತ್ತಾರೆ. ಒಬ್ಬಿಬ್ಬರು ಕಾಲಿಗೂ ಬಿದ್ದಿದ್ದಾರೆ. ನಾನು ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಒಳಗೆ ಹೋಗಿ ಏನು ಮಾಡುತ್ತೇನೆ? ಕುದಿಯುತ್ತೇನೆ. ಆಪರೇಷನ್ ಕೋಣೆಗೂ ಹೊರಗಿನ ಕಾರಿಡಾರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆ ಅಡ್ಡ ಬರುವುದು ದೇಹಕ್ಕೆ. ದೇಹವನ್ನೇ ಕೆಳಗಿಟ್ಟು ಬಂದ ಮನುಷ್ಯನಿಗೆ ಹತ್ತು ಹೆಜ್ಜೆ ಆಚೆ ಬಂದು ಹೆಂಡತಿ ಹೇಗಿದ್ದಾಳೆ ಎಂದು ನೋಡಲು ಏನು ಧಾಡಿ?

"ಸತ್ತ ನೊಣಾ ನೋಡಲಿಕ್ಕೆ ಟೈಮ್ ಇತ್ತು, ನನ್ನ ನೋಡಲಿಕ್ಕೆ ಇರಲಿಲ್ಲೇನ್ರಿ?" ಎಂದು ಕೇಳಿದರೆ, "ಅದೆಲ್ಲಾ ನನ್ನ ಕೈಯಾಗ ಇರಲಿಲ್ಲ ತಾರಾ, ಎಲ್ಲಿ ತೇಲಿಸ್ತೋ ಅಲ್ಲಿ ತೇಲಿದೆ" ಎಂದು ಪೇಪರಿನಲ್ಲಿ ಮುಖ ಮುಚ್ಚುತ್ತಿದ್ದರು.

ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ನಾನು ಕಾರಿಡಾರಿನಲ್ಲಿ ಇರಲೇ ಇಲ್ಲ.

ಅವರನ್ನು ಒಳಗೆ ಒಯ್ಯುವಾಗ ನಮ್ಮ ನಾದಿನಿ ಮಂದಾಕಿನಿಯ ಎದುರಿಗೇ ಹರಕೆ ಹೊತ್ತಿದ್ದೆ: ಅವರು ಹೊರಗೆ ಬರುವತನಕ ನೀರೂ ಮುಟ್ಟುವುದಿಲ್ಲ ಅಂತ. ಮಂದಾಕಿನಿ ದೇವರಿಗೆ ತುಪ್ಪದ ದೀಪ ಹಚ್ಚಲು ಮನೆಗೆ ಹೋದಳು. ಹನ್ನೊಂದಾಯಿತು, ಹನ್ನೆರಡಾಯಿತು. ಹಿಂದಿನ ದಿನವೂ ಹೊಟ್ಟೆಗೆ ಏನೂ ಸೇರಿರಲಿಲ್ಲ. ಕಿಟಕಿಯಿಂದ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ ಬಂತು. ದೇವರ ನಾಮ ಹೇಳಿಕೊಂಡೆ. ವಾಸನೆ ಹೋಗಲಿಲ್ಲ, ನಾಮವೇ ಮರೆಯಿತು. ಕಾಲು ತಾವಾಗಿಯೇ ಎದ್ದು ಗೇಟಿನ ಹೊರಗಿನ ಗಾಡಿಗೆ ನನ್ನನ್ನು ಒಯ್ದವು. ಒಂದು ಪ್ಲೇಟ್ ಮಂಡಕ್ಕಿ ಗಿರ್ಮಿಟ್ಟು, ಮೇಲೆ ಮಿರ್ಚಿ. ಒಳಗೆ ಗಂಡನ ಎದೆ ಬಿಚ್ಚಿಟ್ಟಿದ್ದಾರೆ, ಹೊರಗೆ ಹೆಂಡತಿ ಮಿರ್ಚಿ ತಿನ್ನುತ್ತಿದ್ದಾಳೆ. ತಿರುಗಿ ಬಂದು ಕುರ್ಚಿಯಲ್ಲಿ ಕೂತು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಡಾಕ್ಟರು ಬಂದು ಎಲ್ಲ ಚೆನ್ನಾಗಿ ಆಯಿತು ಎಂದರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರಿತ್ತು. ಅವರು ಅದನ್ನು ಬೇರೆಯಾಗಿ ತಿಳಿದು ನನ್ನನ್ನು ಸಮಾಧಾನ ಮಾಡಿದರು. ಸಂಜೆಯ ಹೊತ್ತಿಗೆ ಮಂದಾಕಿನಿ ನನ್ನ ಉಪವಾಸದ ಸುದ್ದಿಯನ್ನು ಬೆಳಗಾವಿಯ ಬೀಗರತನಕ ಮುಟ್ಟಿಸಿದ್ದಳು. ಆಮೇಲೆ ಯಾವ ಬಾಯಿಂದ ನಿಜ ಹೇಳಲಿ?

ಹಾಗಿದ್ದರೆ ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನಾನು ಅಲ್ಲಿರಲಿಲ್ಲ ಎಂಬುದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲವಲ್ಲ! ಅವರು ಬರಲೇ ಇಲ್ಲ ಎಂಬುದು ನನ್ನ ಸಂಕಟ. ಬಂದಿದ್ದರೆ ಏನು ಗತಿ ಎಂಬುದು ನನ್ನ ಭಯ. ಈ ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಒಂದು ವರ್ಷ ಬಂದವರಿಗೆಲ್ಲ ಚಹಾ ಕೊಟ್ಟಿದ್ದೇನೆ.

ಹೀಗಿರುವಾಗ ನನ್ನ ತಂಗಿಯ ಮಗಳು ಸಂಪದಾ ಬಂದಳು. ಮನಃಶಾಸ್ತ್ರ ಓದಿ, ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿರುವ ಹುಡುಗಿ. ಈ ಸಲ ಅವಳ ತಲೆ ಹೊಕ್ಕದ್ದು ಶಾಮನ್ನರ ವಿದ್ಯೆ. ಸೈಬೀರಿಯಾದಂಥ ದೂರದ ಸೀಮೆಗಳಲ್ಲಿ ಶಾಮನ್ ಎಂಬುವವನು ಒಂದೇ ಸಮನೆ ಬಡಿಯುವ ವಾದ್ಯದ ಸದ್ದು ಹಿಡಿದುಕೊಂಡು, ಮರದ ಬುಡದಿಂದಲೋ ಗವಿಯ ಬಾಯಿಂದಲೋ ಬೇರೆ ಲೋಕಕ್ಕೆ ಇಳಿದು ಹೋಗಿ ಬರುತ್ತಾನಂತೆ. ಭಾನುವಾರ ಅದರ ಶಿಬಿರ ಇಟ್ಟಿದ್ದಳು.

"ಇದರಾಗೇನದ? ನಾ ಆಗಲೇ ಹೋಗಿ ಬಂದೇನಿ" ಎಂದರು ನಮ್ಮವರು.

"ಅದು ಬ್ಯಾರೆ ಕಾಕಾ" ಎಂದಳು ಸಂಪದಾ. "ನೀವು ಹೋದದ್ದು ತಾನಾಗೇ ಆದದ್ದು. ಯಾರೂ ಕೇಳಲಿಲ್ಲ, ನೀವೂ ಹೊಂಟಿರಲಿಲ್ಲ. ಇದೇ ಲೋಕದಾಗ, ಇದೇ ಕೋಣ್ಯಾಗ ನಿಂತು ನಿಮ್ಮನ್ನ ನೀವು ನೋಡಿಕೊಂಡ್ರಿ. ಶಾಮನ್ ಹಂಗಲ್ಲ. ಅಂವಾ ಬೇಕಂತ ಹೋಗ್ತಾನ. ಯಾರದೋ ಬ್ಯಾನಿಗೆ, ಯಾರದೋ ಪ್ರಶ್ನೆಗೆ ಅಂತ ಹೋಗಿ, ಅವರಿಗೆ ಏನರೆ ತಗೊಂಡೇ ಬರ್ತಾನ. ಬರಿಗೈಲೆ ಬಂದ್ರ ಆ ಪ್ರಯಾಣ ಲೆಕ್ಕಕ್ಕಿಲ್ಲ."

"ಕೇಳಿದ್ರೇನ್ರಿ?" ಎಂದೆ ನಾನು. ನನಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು. "ಒಬ್ಬರು ಕೈಚೀಲ ಹಿಡಕೊಂಡು ಪ್ಯಾಟಿಗೆ ಹೋದವರು. ಇನ್ನೊಬ್ಬರು ಕಟ್ಟೀ ಮ್ಯಾಲ ಕೂತು ಹೋಗಬರೋ ಮಂದೀನ್ನ ನೋಡೋವರು."

ನಮ್ಮವರ ಮೂಗು ಕೆಂಪಾಯಿತು. "ಹಂಗಾದ್ರ ಒಂದು ಪ್ರಶ್ನೆ ಕೊಡು. ನಾನೂ ತಗೊಂಡೇ ಬರ್ತೇನಿ."

"ಮೌಶಿದೇ ಪ್ರಶ್ನೆ ತಗೊಂಡು ಹೋಗ್ರಿ ಕಾಕಾ" ಎಂದಳು ಸಂಪದಾ, ನನ್ನ ಕಡೆ ಕೈ ಮಾಡಿ. "ಅವತ್ತ ಮೌಶಿ ಕಾರಿಡಾರಿನ್ಯಾಗ ಹೆಂಗಿದ್ಲು? ನೋಡಿಕೊಂಡು ಬರ್ರಿ."

ಬೇಡ ಎನ್ನಲು ಬಾಯಿ ತೆರೆದೆ. ಒಂದು ವರ್ಷದಿಂದ ಅದನ್ನೇ ಕೇಳಿ ಕೇಳಿ ಅವರ ತಲೆ ತಿಂದವಳು ಈಗ ಬೇಡ ಎಂದು ಹೇಗೆ ಹೇಳಲಿ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೋಪನಕೊಪ್ಪದ ಆಫೀಸಿನ ಮಹಡಿಯ ಕೋಣೆಯಲ್ಲಿ ಎಂಟು ಜನ ಚಾಪೆಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಾತ ಮಲಗಿದೆವು. ನನ್ನ ಪಕ್ಕದಲ್ಲಿ ನಮ್ಮವರು. ಆಚೆ ಅಮರಗೋಳದ ಮಾರ್ಕೆಟಿನಲ್ಲಿ ಉಳ್ಳಾಗಡ್ಡಿ ದಲಾಲಿ ಮಾಡುವ ಉಳವಪ್ಪನವರು. ಸೊಂಟನೋವಿಗೆ ಏನೋ ಚಿಕಿತ್ಸೆ ಎಂದು ತಿಳಿದು ಬಂದವರು, ಬಂದದ್ದಾಯಿತಲ್ಲ ಎಂದು ಮಲಗಿಬಿಟ್ಟಿದ್ದರು. ವಾದ್ಯ ಬಾರಿಸಲು ಫಕ್ರುಸಾಬ ಇದ್ದರು. ನಲವತ್ತು ವರ್ಷದಿಂದ ತಬಲಾಗಳಿಗೆ ತೊಗಲು ಹಾಕುವ ಕಸಬು ಅವರದು. ಸಂಪದಾಳಿಗೆ ದಪ್ಪು ಎಂಬ ಒಂದೇ ಬದಿಯ ತೊಗಲುವಾದ್ಯ ಮಾಡಿಕೊಟ್ಟವರೂ ಅವರೇ.

"ನಮ್ಮ ಕಡಿ ದೇವರು ಹೊರಗಿಂದ ಮೈಯಾಗ ಬರತಾವ್ರಿ ಬಾಯಾರ. ಇದು ಒಳಗಿನ್ನ ಹೊರಗ ಕಳಸೂ ಕೆಲಸ" ಎಂದು ನಕ್ಕು ದಪ್ಪನ್ನು ಅಂಗೈಯಿಂದ ಬೆಚ್ಚಗೆ ಮಾಡಿಕೊಂಡರು.

ಶಾಮನ್ನರ ಬಡಿತಕ್ಕೆ ತಾಳವಿಲ್ಲ. ಆರಂಭ, ಅಂತ್ಯ, ಏರಿಳಿತ ಏನೂ ಇರಕೂಡದು. ಕೇಳಲು ಸುಲಭ. ಫಕ್ರುಸಾಬರು ಒಂದು ನಿಮಿಷ ಸರಿಯಾಗಿ ಬಡಿದರು. ಎರಡನೇ ನಿಮಿಷಕ್ಕೆ ಕೈ ತಡೆಯಲಿಲ್ಲ, ಹದಿನಾರು ಮಾತ್ರೆಗೆ ಒಂದು ಸುತ್ತು ತಂದು, ಒಂದೇ ತುಣುಕನ್ನು ಮೂರು ಸಲ ತಿರುಗಿಸುವ ಸಣ್ಣ ತಿಹಾಯಿ ಹಾಕಿ, ಧಾ ಎಂದು ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಇಳಿಸಿಬಿಟ್ಟರು. ಮಲಗಿದ್ದ ಎಂಟೂ ಜನ ಅರ್ಧ ಲೋಕದಿಂದ ತಿರುಗಿ ಬಂದು "ಆಹಾ!" ಎಂದೆವು. ಧಾರವಾಡದ ಕಡೆಯ ಕಿವಿಗಳು, ಮಾಡುವುದೇನು? ಸಂಪದಾ ಮತ್ತೆ ಮಲಗಿಸಿದಳು. ಈ ಸಲ ಫಕ್ರುಸಾಬರು ಹಲ್ಲು ಕಚ್ಚಿ ತಡೆದುಕೊಂಡರು, ಆದರೆ ನಮ್ಮವರೇ ತೊಡೆಯ ಮೇಲೆ ಬೆರಳಿನಿಂದ ಮಾತ್ರೆ ಎಣಿಸತೊಡಗಿದ್ದರು. ಸಮ್ ಬರಬೇಕಾದಲ್ಲಿ ಬರದೆ ಹೋದಾಗ ಎದ್ದು ಕೂತು, "ಫಕ್ರುಸಾಬ, ಎಲ್ಲಿ ಬಿಟ್ರಿ?" ಎಂದು ಕೇಳಿದರು.

ಸಂಪದಾ ತಲೆಗೆ ಕೈ ಹಚ್ಚಿ ಕೂತಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇವತ್ತು ಯಾರೂ ಎಲ್ಲಿಗೂ ಹೋಗುವುದಿಲ್ಲ.

ಆಗ ಫಕ್ರುಸಾಬರೇ ಹಾದಿ ತೋರಿಸಿದರು. "ತೊಗಲು ಕೂಡಿಸೂ ಮುಂದ ಸುತ್ತಿಗೀಲೆ ತಟ್ಟತೇನಲ್ರಿ, ಹಂಗ ತಟ್ಟಲೇನವಾ? ಅದು ಬಾರಿಸೂದಲ್ಲ, ಕೆಲಸ. ಅದರಾಗ ತಾಳ ಬರೂದಿಲ್ಲ." ದಪ್ಪನ್ನು ತೊಡೆಯ ಮೇಲಿಂದ ನೆಲಕ್ಕೆ ಇಳಿಸಿ, ಕನ್ನಡಕ ಹಾಕಿಕೊಂಡು, ಅಂಗಡಿಯಲ್ಲಿ ಕೂತಂತೆ ಬಗ್ಗಿ ತಟ್ಟತೊಡಗಿದರು. ಟಕ್ ಟಕ್ ಟಕ್ ಟಕ್. ಮೊದಲಿಲ್ಲ, ಕೊನೆಯಿಲ್ಲ. ಐದು ನಿಮಿಷದಲ್ಲಿ ಕೋಣೆ ಸ್ತಬ್ಧವಾಯಿತು. ನಾನು ಬಟ್ಟೆ ಸರಿಸಿ ಪಕ್ಕಕ್ಕೆ ನೋಡಿದೆ. ನಮ್ಮವರ ಬೆರಳು ನಿಂತಿದ್ದವು, ಮುಖ ಸಡಿಲವಾಗಿತ್ತು. ಆಪರೇಷನ್ ಕೋಣೆಗೆ ಒಯ್ಯುವಾಗ ನೋಡಿದ್ದ ಅದೇ ಮುಖ. ಗುಟ್ಟು ಬಯಲಾದರೆ ಆಗಲಿ, ಈ ಮನುಷ್ಯ ಲಗೂನೆ ತಿರುಗಿ ಬಂದರೆ ಸಾಕು ಎನ್ನಿಸಿತು.

ಇಪ್ಪತ್ತು ನಿಮಿಷದ ಮೇಲೆ ಬಡಿತ ಜೋರಾಯಿತು. ಅದು ಎಲ್ಲರೂ ವಾಪಸು ಬನ್ನಿ ಎಂಬ ಕರೆ. ಒಬ್ಬೊಬ್ಬರಾಗಿ ಎದ್ದು ಕೂತರು. ಉಳವಪ್ಪನವರು ಗುಡ್ಡದ ಬಿಲದಿಂದ ಇಳಿದರಂತೆ, ಒಳಗೆ ಎಲ್ಲಿ ನೋಡಿದರೂ ಉಳ್ಳಾಗಡ್ಡಿ ಚೀಲಗಳೇ ಇದ್ದುವಂತೆ. "ಮಾಲು ಭಾಳ ಛಲೋ ಇತ್ರಿ, ಮಾಲಕ ಯಾರಂತ ತಿಳೀಲಿಲ್ಲ" ಎಂದು ಅವರು ಪೇಚಾಡಿಕೊಂಡರು.

ಆಮೇಲೆ ನಮ್ಮವರ ಸರದಿ. "ಅಮ್ಮಿನಬಾವಿ ಊರಾಗ ನಮ್ಮ ಅಜ್ಜನ ಹೊಲದಾಗ ಒಂದು ಬಾವಿ ಅದ" ಎಂದರು ಮೆತ್ತಗೆ. "ಅದರೊಳಗಿಂದ ಇಳದೆ. ಇಳದ್ರ ದವಾಖಾನಿ. ಗ್ವಾಡಿ ದಾಟಿ ಕಾರಿಡಾರಿಗೆ ಬಂದೆ." ನಿಲ್ಲಿಸಿ ನನ್ನ ಕಡೆ ನೋಡಿದರು. "ಕೂತಿದ್ಲು. ಕಣ್ಣು ಮುಚ್ಚಿ, ಕೈ ಮುಗದು, ಹಸದ ಹೊಟ್ಟೀಲೆ ಕೂತಿದ್ಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಪದಾ ಕಣ್ಣೊರೆಸಿಕೊಂಡಳು. ನಾನು ಬದುಕಿದೆ ಎಂದುಕೊಂಡೆ, ಆ ನಿಟ್ಟುಸಿರು ಮುಗಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. ಸುಳ್ಳು! ಇದು ಸುಳ್ಳಾದರೆ ಒಂಬತ್ತೂವರೆ ಅಡಿಯೂ ಸುಳ್ಳು, ನೊಣವೂ ಸುಳ್ಳು. ಇವರು ಅವತ್ತೂ ಬಂದಿಲ್ಲ, ಇವತ್ತೂ ಬಂದಿಲ್ಲ. ಚಪ್ಪಲಿ ಮೆಟ್ಟಿಕೊಂಡು ದಡದಡ ಕೆಳಗಿಳಿದು ರಸ್ತೆಗೆ ಬಂದುಬಿಟ್ಟೆ.

ನಮ್ಮವರು ಏದುಸಿರು ಬಿಡುತ್ತ ಹಿಂದೆ ಬಂದರು. "ಏನಾತ? ಹೇಳಿದ್ದು ಛಲೋ ಆಗಲಿಲ್ಲೇನು?"

"ಸುಳ್ಳ ಹೇಳಿದ್ರಿ!" ಎಂದೆ. ಬಾಯಿ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. "ನಾ ಅಲ್ಲಿ ಇರಲೇ ಇಲ್ಲ! ಉಪವಾಸ ಇಲ್ಲ, ಏನಿಲ್ಲ. ನಿಮ್ಮ ಎದಿ ಕೊಯ್ಯಾಕತ್ತಾಗ ನಾ ಹೊರಗ ನಿಂತು ಮಿರ್ಚಿ ತಿಂದೆ. ಈಗ ಹೇಳ್ರಿ ಊರಿಗೆಲ್ಲಾ."

"ಎರಡು" ಎಂದರು ಅವರು.

"ಏನು?"

"ಎರಡು ಮಿರ್ಚಿ ತಿಂದಿ. ಯಾರರೆ ನೋಡ್ಯಾರಂತ ತಲೀ ಮ್ಯಾಲ ಸೆರಗು ಹೊತ್ತು ಗ್ವಾಡೀ ಕಡಿ ತಿರುಗಿ ನಿಂತಿದ್ದಿ. ಎರಡನೇದು ಇಸಗೊಳ್ಳೋ ಮುಂದ, ಇನ್ನೊಂದು ಸ್ವಲ್ಪ ಕೆಂಪಗ ಕರೀರಿ ಅಂದಿ."

ಆ ಮಾತನ್ನು ಗಾಡಿಯವನಿಗೆ ಬಿಟ್ಟು ನಾನು ಈ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ. ರಸ್ತೆಯಲ್ಲಿ ಆಟೊಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು, ನನಗೆ ಏನೂ ಕೇಳಿಸಲಿಲ್ಲ. "ಈಗ ನೋಡಿದ್ರೇನು? ಬಾವಿಯೊಳಗ ಇಳದು?"

"ಈಗೆಲ್ಲಿ? ಈಗ ನಿದ್ದಿ ಹತ್ತಿತ್ತು" ಎಂದರು. "ಅವತ್ತ ನೋಡಿದ್ದು. ಮೊದಲ ಕಾರಿಡಾರಿಗೇ ಬಂದೆ, ಕುರ್ಚಿ ಖಾಲಿ ಇತ್ತು. ಹುಡಕೊಂಡು ಗೇಟಿನ ತನಕಾ ಬಂದೆ."

"ಮತ್ತ ಒಂದು ವರ್ಷ ಯಾಕ ಹೇಳಲಿಲ್ಲ? ನಾ ಅಷ್ಟು ಬೈದ್ರೂ?"

"ಊರೆಲ್ಲಾ ನಿನ್ನ ಉಪವಾಸಾ ಹೊಗಳಾಕತ್ತಿತ್ತು. ನಾ ಯಾಕ ಮುರೀಲಿ?" ಎಂದು ಅವರು ಕನ್ನಡಕ ತೆಗೆದು ಒರೆಸಿದರು. "ಖರೇ ಹೇಳ್ತೇನಿ ತಾರಾ, ಅಲ್ಲಿ ಮ್ಯಾಲ ಭಾಳ ಆರಾಮ ಇತ್ತು. ತಿರುಗಿ ಬರಬೇಕಂತ ಅನಿಸಿರಲಿಲ್ಲ. ಆದ್ರ ನೀ ಆ ಮಿರ್ಚಿ ತಿನ್ನೋದು ನೋಡಿದೆ ನೋಡು, ನನಗೂ ಹಸಿವಾತು. ಹಸಿವಾದ ಮ್ಯಾಲ ಹೊಟ್ಟಿ ಬೇಕಲ್ಲ. ಬಂದೆ."

ನಾನು ಅತ್ತುಬಿಟ್ಟೆ. ಒಂದು ವರ್ಷ ನನ್ನನ್ನು ಕೊರೆದದ್ದು ಉಪವಾಸ ಮುರಿದ ಪಾಪವಲ್ಲ. ಗಂಡ ಸಾಯುತ್ತಿರಬಹುದಾದ ಹೊತ್ತಿನಲ್ಲಿ ನನಗೆ ಹಸಿವೆ ಹೇಗೆ ಆಯಿತು, ನಾನೆಂಥ ಹೆಂಗಸು ಎಂಬುದೇ ನನ್ನ ದುಃಖವಾಗಿತ್ತು. ಈಗ ಈ ಮನುಷ್ಯ ಅದೇ ಹಸಿವೆಯ ಬೆನ್ನು ಹಿಡಿದು ಬಂದೆ ಎನ್ನುತ್ತಾನೆ. ಖರೇಯೋ, ನನ್ನನ್ನು ನಗಿಸಲು ಹೇಳಿದ್ದೋ, ಅದನ್ನು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ.

ನಾನು ಅವರ ತೋಳು ಹಿಡಿದುಕೊಂಡೆ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನಡುರಸ್ತೆಯಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು. ತೋಳು ಬೆಚ್ಚಗಿತ್ತು.