ತಲೆಯ ಮೇಲೆ ಕೂತ ಎರೆಭೂತ

ಪ್ರಪಂಚದಲ್ಲಿ ಹಾರಬಲ್ಲ ಹಕ್ಕಿಗಳಲ್ಲೆಲ್ಲ ಅತಿ ಭಾರದ್ದು ಒಂದು ಬೆಳಿಗ್ಗೆ ಸ್ಪೇನ್ ದೇಶದ ಬಯಲಿನಲ್ಲಿ ನನ್ನ ತಲೆಯ ಮೇಲೆ ಬಂದು ಕೂತಿತ್ತು. ಕೂತದ್ದಷ್ಟೇ ಅಲ್ಲ, ಒಂದು ನಿದ್ದೆಯನ್ನೂ ತೆಗೆಯಿತು. ಗೊರಕೆ ಹೊಡೆಯಿತು ಎಂದರೆ ನೀವು ನಂಬಲಿಕ್ಕಿಲ್ಲ, ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇನೆ. ನನ್ನ ಕುತ್ತಿಗೆ ಅಂದಿನಿಂದ ಎಡಕ್ಕೆ ಕೊಂಚ ವಾಲಿದೆ. ಅನುಮಾನವಿದ್ದವರು ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿಗೆ ಬಂದರೆ ಕಣ್ಣಾರೆ ನೋಡಬಹುದು.

ಇದು ತೊಂಬತ್ತೇಳರ ವಸಂತದ ಮಾತು. ಆಗ ನಾನು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದೆ. ಹೆಸರಿಗೆ ಸಾಫ್ಟ್‌ವೇರ್ ಕೆಲಸ, ಕಸುಬು ಹಕ್ಕಿ ನೋಡುವುದು. ಅಲ್ಲಿನ ಕೆರೆಯ ಬಾತುಗಳು ನನ್ನ ಕಾರಿನ ಸದ್ದು ಕೇಳಿದರೆ ಸಾಲಾಗಿ ಎದ್ದು ನಿಲ್ಲುತ್ತಿದ್ದವು. ಶನಿವಾರ ಬೆಳಗಾದರೆ ನಾವು ನಾಲ್ವರು ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಹೊರಡುತ್ತಿದ್ದೆವು: ನಾನು, ನನ್ನ ಆಫೀಸಿನ ಗೋಪಿನಾಥ, ಎಲಿಕಾಟ್ ಸಿಟಿಯಲ್ಲಿದ್ದ ಸರ್ದಾರ್, ಅವನ ಹೆಂಡತಿ ಫಿರೋಜಾ. ಅವರಿಗೆಲ್ಲ ಈ ಹುಚ್ಚು ಹಿಡಿಸಿದವನು ನಾನೇ.

ಸರ್ದಾರ್‌ನ ವಿಷಯ ಮೊದಲೇ ಹೇಳಿಬಿಡಬೇಕು. ಮೈಸೂರಿನಲ್ಲಿ ನಮ್ಮಿಬ್ಬರ ಮನೆಗಳಿಗೂ ಒಂದೇ ಕಾಂಪೌಂಡು ಗೋಡೆ. ಅದರ ಮೇಲೆ ಕೂತೇ ನಾವು ಹಕ್ಕಿಗಳ ಹೆಸರು ಕಲಿತದ್ದು. ನಾನು ಹೇಳುವವನು, ಅವನು ತಲೆಯಾಡಿಸುವವನು. ಕಾರಂಜಿ ಕೆರೆಯಲ್ಲಿ ಹೆಜ್ಜಾರ್ಲೆಯೊಂದು ನನ್ನ ಟಿಫಿನ್ ಡಬ್ಬಿಯನ್ನು ಮುಚ್ಚಳದ ಸಮೇತ ನುಂಗಿತು ಎಂದು ನಾನು ಕ್ಲಾಸಿನಲ್ಲಿ ಹೇಳಿದರೆ ಹುಡುಗರೆಲ್ಲ ಸರ್ದಾರ್ ಕಡೆ ತಿರುಗುತ್ತಿದ್ದರು. ಅವನು ನ್ಯಾಯಾಧೀಶನಂತೆ ಒಂದೇ ಒಂದು ಸಲ ತಲೆಯಾಡಿಸುತ್ತಿದ್ದ. ಅಲ್ಲಿಗೆ ಕತೆ ಪಾಸು.

ಕಾಲೇಜಿನಲ್ಲಿದ್ದಾಗ ಇಬ್ಬರೂ ಎರೆಭೂತ ನೋಡಲು ರಾಣೆಬೆನ್ನೂರಿಗೆ ಹೋದೆವು. ಎರೆಭೂತ ಎಂದರೆ ಭೂತವಲ್ಲ, ಬಯಲಿನಲ್ಲಿ ರಾಜಗಾಂಭೀರ್ಯದಿಂದ ನಡೆದಾಡುವ, ಆಳಿನ ಸೊಂಟದೆತ್ತರದ ಹಕ್ಕಿ. ನಾವು ಬಿಸಿಲಿನಲ್ಲಿ ಒಣಗಿ, ಕೃಷ್ಣಮೃಗಗಳ ಬಾಲ ನೋಡಿ, ಎರೆಭೂತದ ಒಂದು ಪುಕ್ಕವನ್ನೂ ಕಾಣದೆ ವಾಪಸು ಬಂದೆವು. ಮೈಸೂರಿನಲ್ಲಿ ಮಾತ್ರ, ಅವು ಹಿಂಡುಗಟ್ಟಿ ಹಾರಿದಾಗ ಊರಿಗೆ ಊರೇ ಕತ್ತಲಾಗಿ ಜನ ದೀಪ ಹಚ್ಚಿದರು ಎಂದೆ. ಸರ್ದಾರ್ ತಲೆಯಾಡಿಸಿದ. ವಾಪಸು ಬರುವಾಗ ರೈಲಿನಲ್ಲಿ ಅವನು ಹೇಳಿದ್ದು ಬೇರೆ. "ಯಾವತ್ತಾದ್ರೂ ನಿಜವಾಗ್ಲೂ ನೋಡೋಣ ಕಣೋ. ಇಬ್ರೂ ಜೊತೇಲಿ."

ನನ್ನಂಥವನಿಗೆ ಒಪ್ಪೊತ್ತು ಊಟ ತಪ್ಪಿದರೂ ನಡೆದೀತು, ಆ ತಲೆಯಾಡಿಸುವವನು ತಪ್ಪಬಾರದು.

ಸ್ಪೇನಿನ ಎರೆಭೂತ ನಮ್ಮದರ ದೊಡ್ಡಣ್ಣ. ಅಲ್ಲಿನ ಹಳ್ಳಿಗಾಡಿನಲ್ಲಿ ಅದು ಇನ್ನೂ ಕಾಣಸಿಗುತ್ತದೆ ಎಂದು ಕಂಡುಹಿಡಿದವನು ನಾನು. ಕೊಲಂಬಿಯಾದ ಲೈಬ್ರರಿಯನ್ನು ಬರಿದು ಮಾಡಿದೆ. ಯಾವ ಹಳ್ಳಿ, ಯಾವ ತಿಂಗಳು, ಗಾಳಿ ಯಾವ ಕಡೆಯಿಂದ ಬೀಸುವಾಗ ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಚಳಿಗಾಲವಿಡೀ ಸರ್ದಾರ್ ಮನೆಯ ಕಾರ್ಪೆಟ್ಟಿನ ಮೇಲೆ ನಕ್ಷೆ ಹರಡಿಕೊಂಡು ವಿವರಿಸಿದೆ.

ಹೋದೆವು. ಆ ಹಳ್ಳಿಯ ಚರ್ಚಿನ ಗೋಪುರದ ಮೇಲೆ ಕೊಕ್ಕರೆಗಳು ಮಂಚದಗಲದ ಗೂಡು ಕಟ್ಟಿದ್ದವು. ಅವು ಕೊಕ್ಕು ಕಟಕಟಿಸುವ ಸದ್ದಿಗೆ ಸೋತು ಪಾದ್ರಿ ಗಂಟೆ ಹೊಡೆಯುವುದನ್ನೇ ಬಿಟ್ಟಿದ್ದ. ತಂತಿಗಳ ಮೇಲೆ ಕಳ್ಳಿಪೀರಗಳು ಎಷ್ಟು ಒತ್ತಾಗಿ ಕೂತಿದ್ದವೆಂದರೆ ಯಾರಿಗೆ ಫೋನು ಮಾಡಿದರೂ ಚಿಲಿಪಿಲಿಯೇ. ಬೆಳಗಿನ ಜಾವ ಬಯಲಿಗೆ ಹೋದಾಗ ಗಂಡು ಎರೆಭೂತವೊಂದು ಹೆಣ್ಣುಗಳ ಮುಂದೆ ಗರಿಗಳನ್ನೆಲ್ಲ ಒಳಗು ಹೊರಗು ಮಾಡಿಕೊಂಡು ಬೆಳ್ಳಗಿನ ನೊರೆಯ ಗುಡ್ಡೆಯಂತೆ ಉಬ್ಬಿ ನಿಂತಿತು. ಆಮೇಲೆ ನನ್ನನ್ನು ನೋಡಿತು. ಹೆಣ್ಣುಗಳನ್ನು ಬಿಟ್ಟು ನನ್ನತ್ತ ಬಂತು, ತಲೆಯೇರಿತು. ನಾನು ಕಂಬದಂತೆ ನಿಂತೆ. ಆಗಲೇ ಬೆನ್ನ ಹಿಂದೆ ಕಾರು ಸ್ಟಾರ್ಟ್ ಆದ ಸದ್ದು. ಗೋಪಿನಾಥ, ಫಿರೋಜಾ, ನನ್ನ ಸರ್ದಾರ್ ಮೂವರೂ ನನ್ನನ್ನು ಅಲ್ಲೇ ಬಿಟ್ಟು ಹೊರಟುಹೋದರು. ಕೂಗಿದರೆ ಹಕ್ಕಿ ಎಚ್ಚರವಾಗುತ್ತದೆ. ಕೂಗಲಿಲ್ಲ.

ಮರುವರ್ಷ ನಾನು ಕೆಲಸ ಬದಲಿಸಿ ಕ್ಯಾರಿಗೆ ಬಂದೆ. ಇಲ್ಲಿ ನಾನು ಈ ಕತೆ ಹೇಳದ ಕನ್ನಡದ ಮನೆಯಿಲ್ಲ. ಪ್ರತಿ ಸಲವೂ ಹಕ್ಕಿಯ ತೂಕ ಒಂಚೂರು ಏರುತ್ತಿತ್ತು, ಕಾರು ಮಾತ್ರ ತಪ್ಪದೆ ಹೊರಟುಹೋಗುತ್ತಿತ್ತು. ಕೇಳಿದವರು "ಛೆ, ಎಂಥಾ ಫ್ರೆಂಡ್ಸ್ ರೀ!" ಎನ್ನುತ್ತಿದ್ದರು. ಅದು ಕೇಳಲು ಹಿತವಾಗಿರುತ್ತಿತ್ತು.

ಕೆಲವು ವರ್ಷ ಕಳೆದ ಮೇಲೆ, ಜೂನ್ ತಿಂಗಳ ಒಂದು ಭಾನುವಾರ, ಇಲ್ಲಿನ ಗೆಳತಿ ಮೈಥಿಲಿಯ ಮನೆಯಲ್ಲಿ ಪಾಟ್‌ಲಕ್. ಒಬ್ಬೊಬ್ಬರು ಒಂದೊಂದು ಅಡುಗೆ ತಂದಿದ್ದರು. ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಪೇಪರ್ ಪ್ಲೇಟು, ಅಲ್ಯೂಮಿನಿಯಂ ಟ್ರೇ ತುಂಬ ಬಿಸಿಬೇಳೆಬಾತು. ನಾನು ಹಕ್ಕಿಯನ್ನು ತಲೆಯ ಮೇಲೆ ಹತ್ತಿಸಿ ಮುಗಿಸಿದ್ದೆ. ಮೈಸೂರಿನಿಂದ ಬಂದಿದ್ದ ಮೈಥಿಲಿಯ ಮಾವ, ಬ್ಯಾಂಕಿನಿಂದ ರಿಟೈರ್ ಆದವರು, ಹಪ್ಪಳ ಮುರಿಯುತ್ತ ಕೇಳಿದರು:

"ಅಲ್ರೀ ಹರಿಪ್ರಸಾದ್, ಮೊನ್ನೆ ನಮ್ಮ ಸೊಸೆ ಒಂದ್ ಅಕ್ಕಿ ಮೂಟೆ ಕಾರಿಂದ ಇಳಿಸಿಕೊಡಿ ಅಂದ್ರೆ ಬೆನ್ನು ಹಿಡ್ಕೊಂಡಿದೆ ಅಂದ್ರಿ. ಅಷ್ಟೇ ತೂಕದ ಹಕ್ಕೀನ ತಲೆ ಮೇಲೆ ಹೊತ್ಕೊಂಡ್ರಾ?"

"ಆ ಹಕ್ಕಿಯಿಂದಲೇ ಹಿಡ್ಕೊಂಡಿದ್ದು ಸರ್ ಅದು."

"ಹಾಗಾದ್ರೆ ಹೆಲ್ತ್ ಇನ್ಶೂರೆನ್ಸಲ್ಲಿ ಏನು ಅಂತ ಬರೆಸಿದ್ರಿ?"

ಎಲ್ಲರೂ ನಕ್ಕರು. ನಾನು ಉತ್ತರ ಹೊಸೆಯುತ್ತಿರುವಾಗ ಒಳಗಿನಿಂದ ಮೈಥಿಲಿಯ ಕೂಗು ಬಂತು.

"ಹರಿ ಅವರೇ, ಸರ್‌ಪ್ರೈಸ್! ನಮ್ಮ ಪಕ್ಕದ ಮನೆ ರಿಜ್ವಾನ್ ಇದಾರಲ್ಲ, ಅವರ ಅಕ್ಕ ಭಾವ ಮೇರಿಲ್ಯಾಂಡಿಂದ ಡ್ರೈವ್ ಮಾಡ್ಕೊಂಡು ಬಂದಿದಾರೆ. ಯಾರು ಹೇಳಿ ನೋಡೋಣ?"

ಜಾಲರಿ ಬಾಗಿಲು ಸರಿಯಿತು. ಸರ್ದಾರ್. ಕೂದಲು ಸ್ವಲ್ಪ ನರೆತಿತ್ತು. ಆ ವಸಂತದ ನಂತರ ನಾನು ಅವರ ಮನೆಗೆ ಹೋಗಿರಲಿಲ್ಲ, ಊರು ಬಿಟ್ಟ ಮೇಲೆ ಅವನ ಫೋನಿಗೆ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ.

"ಏನೋ ಹರಿ," ಎಂದ.

"ಏನೋ," ಎಂದೆ.

ಮಾವನವರಿಗೆ ಹಬ್ಬವಾಯಿತು. "ಓಹೋ, ಆ ಸರ್ದಾರ್ ನೀವೇನಾ! ಬನ್ನಿ ಬನ್ನಿ. ಸ್ಪೇನಲ್ಲಿ ಇವರ ತಲೆ ಮೇಲೆ ಹಕ್ಕಿ ಕೂತಿದ್ದಾಗ ನೀವೆಲ್ಲ ಬಿಟ್ಟು ಹೊರಟೋದ್ರಂತಲ್ಲ? ಹೌದೇನ್ರೀ?"

ಡೆಕ್ಕಿನ ಮೇಲಿದ್ದವರೆಲ್ಲ ಸರ್ದಾರ್ ಕಡೆ ತಿರುಗಿದರು. ಮೈಸೂರಿನ ಕ್ಲಾಸಿನ ಹುಡುಗರು ತಿರುಗುತ್ತಿದ್ದ ಹಾಗೆಯೇ. ಅವನು ನನ್ನ ಮುಖ ನೋಡಿದ. ನನಗೆ ಸ್ಪೇನಿನ ವಿಷಯ ಗೊತ್ತು ಎಂಬುದು ಅವನಿಗೆ ತಿಳಿದದ್ದೇ ಆಗ. ಅವನ ಮುಖದ ಬಣ್ಣ ಇಳಿದುಹೋಯಿತು. ಆದರೂ ನಿಧಾನವಾಗಿ, ಒಂದೇ ಒಂದು ಸಲ, ತಲೆಯಾಡಿಸಿದ.

"ಹೌದು," ಎಂದ. "ಬಿಟ್ಟು ಹೋದ್ವಿ."

ಕತೆ ಪಾಸಾಯಿತು. ನಾನು ಕುಣಿಯಬೇಕಿತ್ತು. ತಿನ್ನುತ್ತಿದ್ದ ಪ್ಲೇಟನ್ನು ಕೆಳಗಿಟ್ಟೆ.

ಅಷ್ಟರಲ್ಲಿ ಫಿರೋಜಾ ಬಂದಳು, ಕೈಯಲ್ಲಿ ಜಿಪ್‌ಲಾಕ್ ಚೀಲ, ಒಳಗೆ ಹಸಿರು ಕರಿಬೇವು. ಅಮೆರಿಕದಲ್ಲಿ ಕುಂಡದಲ್ಲಿ ಕರಿಬೇವು ಬೆಳೆಸಿದವರಿಗೆ ಅದರ ಬೆಲೆ ಗೊತ್ತು. ಚಳಿಗಾಲದಲ್ಲಿ ಮನೆಯೊಳಗಿಟ್ಟು ಕಂಬಳಿ ಹೊದೆಸುವುದೊಂದು ಬಾಕಿ. ಊರಿಗೆ ಹೋಗುವಾಗ ಮನೆಯ ಕೀಲಿಯನ್ನು ಯಾರಿಗೆ ಬೇಕಾದರೂ ಕೊಟ್ಟಾರು, ಕರಿಬೇವಿನ ಗಿಡವನ್ನು ಮಾತ್ರ ತೀರ ಬೇಕಾದವರಿಗೇ ಒಪ್ಪಿಸುವುದು.

"ಹರಿ ಭಾಯ್! ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ಮೈಥಿಲಿ, ತಗೊಳ್ಳಿ, ಇದಕ್ಕೆ ಥ್ಯಾಂಕ್ಸ್ ಹೇಳೋದಿದ್ರೆ ಇವರಿಗೆ ಹೇಳಿ. ನಾವು ಸ್ಪೇನಿಗೆ ಹೋದಾಗ ದಿನಾ ಮನೆಗೆ ಬಂದು ನೀರು ಹಾಕಿದ್ದು ಹರಿ ಭಾಯ್. ವಾಪಸ್ ಬಂದು ನೋಡ್ತೀನಿ, ಗಿಡ ಸೊಂಪಾಗಿ ಚಿಗುರಿಬಿಟ್ಟಿದೆ!"

ಮೈಥಿಲಿ ಚೀಲ ತೆಗೆದುಕೊಂಡವಳು ಹಾಗೇ ನಿಂತಳು. ಮಾವನವರ ಹಪ್ಪಳ ಬಾಯಿಯ ಹತ್ತಿರವೇ ನಿಂತಿತು.

"ಹಾಗಾದ್ರೆ," ಎಂದರು ಅವರು, "ಹಕ್ಕಿ ತಲೆ ಮೇಲೆ ಕೂತಿದ್ದು ಎಲಿಕಾಟ್ ಸಿಟೀಲಾ?"

ನಗುವೋ ನಗು. ನಾನೂ ನಕ್ಕೆ. "ನೀರು ಹಾಕಿ ಮುಗಿಸಿ ಮುಂದಿನ ಫ್ಲೈಟಲ್ಲಿ ಹೋದೆ ಸರ್," ಎಂದು ಒಂದು ಎಸೆದು ನೋಡಿದೆ. ಅದು ನೆಲ ಬಿಟ್ಟು ಏಳಲಿಲ್ಲ.

ಫಿರೋಜಾ ತಬ್ಬಿಬ್ಬಾದಳು. "ಯಾಕೆ, ನಾನೇನಾದ್ರೂ ತಪ್ಪು ಹೇಳಿದ್ನಾ? ನಿಮ್ಮ ಗ್ರೀನ್ ಕಾರ್ಡ್ ಪ್ರಾಸೆಸ್ ಆಗ್ತಿತ್ತಲ್ಲ, ಮಧ್ಯೆ ದೇಶ ಬಿಟ್ರೆ ಎಲ್ಲಾ ಹಾಳಾಗುತ್ತೆ ಅಂತ ನೀವೇ, 'ನಾನು ಬರಲ್ಲ, ನೀವು ಹೋಗಿಬನ್ನಿ' ಅಂದ್ರಂತಲ್ಲ. ಇವರು ಹಾಗೇ ಹೇಳಿದ್ದು."

"ನಾನು ಹಾಗಂದಿಲ್ಲಮ್ಮ," ಎಂದೆ. "ಸ್ಪೇನ್ ಈ ವರ್ಷ ಬೇಡ, ದುಡ್ಡು ಹೊಂದಲ್ಲ ಅಂದ ಇವನು. ನಿಮ್ಮ ಚಿಕ್ಕಮ್ಮನ ಮನೆಗೆ ಫ್ಲೋರಿಡಾಗೆ ಹೋಗ್ತಿದೀವಿ, ಗಿಡಕ್ಕೆ ನೀರು ಹಾಕು ಅಂದ."

"ಫ್ಲೋರಿಡಾನಾ?" ಫಿರೋಜಾ ಗಂಡನ ಕಡೆ ತಿರುಗಿದಳು. "ನಂಗೆ ಫ್ಲೋರಿಡಾದಲ್ಲಿ ಯಾವ ಚಿಕ್ಕಮ್ಮ ಇದಾರ್ರೀ?"

ಸರ್ದಾರ್ ಕುರ್ಚಿ ಎಳೆದುಕೊಂಡು ಕೂತ. ಸುಳ್ಳು ಹೇಳುವುದನ್ನು ಅವನು ನನ್ನಿಂದಲೇ ಕಲಿತಿರಬೇಕು. ಎರಡೇ ಎರಡು ಹೇಳಿದ, ಒಂದು ಹೆಂಡತಿಗೆ, ಇನ್ನೊಂದು ನನಗೇ.

"ಗ್ರೀನ್ ಕಾರ್ಡ್ ವಿಷಯ ಇದ್ದಿದ್ದು ನಿಜ," ಎಂದ. "ಆದ್ರೆ ಅದಲ್ಲ ಕಣೋ ಹರಿ. ಆ ರಾಣೆಬೆನ್ನೂರಿಂದ ನೋಡ್ತಾ ಇದೀನಿ. ನಿನ್ನ ಜೊತೆ ಏನು ನೋಡಿದ್ರೂ ಅದು ನಿಂದಾಗಿಬಿಡುತ್ತೆ. ಸಾಯಂಕಾಲದ ಹೊತ್ತಿಗೆ ಎರಡರಷ್ಟಾಗಿರುತ್ತೆ, ಬೆಳಗಾದ್ರೆ ಆನೆ ಆಗಿರುತ್ತೆ. ನಾನು ಏನು ನೋಡ್ದೆ ಅಂತ ನಂಗೇ ಮರೆತೋಗಿರುತ್ತೆ. ಒಂದ್ಸಲ, ಒಂದೇ ಒಂದ್ಸಲ, ಹಕ್ಕಿ ಎಷ್ಟಿದೆಯೋ ಅಷ್ಟೇ ನೋಡ್ಬೇಕು ಅನ್ನಿಸ್ತು."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ನಿನ್ನ ಮುಖ ನೋಡೋಕೆ ಆಗ್ತಿತ್ತಾ?"

"ಈಗ ಆಗ್ತಿದೆಯಾ?"

ಮಾವನವರು ಇದ್ದಕ್ಕಿದ್ದಂತೆ ತಮ್ಮ ಪ್ಲೇಟಿನಲ್ಲಿ ಏನೋ ಹುಡುಕತೊಡಗಿದರು. ಮೈಥಿಲಿ ಕರಿಬೇವನ್ನು ಫ್ರಿಜ್ಜಿನಲ್ಲಿಡುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲಿಲ್ಲ.

"ನೋಡಿದ್ಯಾ?" ಎಂದು ಕೇಳಿದೆ.

"ನೋಡ್ದೆ."

"ಹೇಗಿತ್ತು?"

"ದೂರದಲ್ಲಿತ್ತು. ಬಿಸಿಲಿಗೆ ಗಾಳಿ ನಡುಗ್ತಿತ್ತಲ್ಲ, ಸರಿಯಾಗಿ ಕಾಣಿಸ್ತಿರಲಿಲ್ಲ. ಬೆಳ್ಳಗೆ ಏನೋ ಉಬ್ಬಿತು, ಇಳೀತು. ಅಷ್ಟೇ." ಆಮೇಲೆ, "ಪಕ್ಕಕ್ಕೆ ತಿರುಗಿ ನಿಂಗೆ ತೋರಿಸೋಕೆ ಹೋದೆ," ಎಂದ.

ಆಗ ಅಲ್ಲಿದ್ದವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಸ್ಪೇನಿಗೆ ಹೋಗಿಲ್ಲ. ಕೊಕ್ಕರೆ, ಪಾದ್ರಿ, ಕಳ್ಳಿಪೀರ ಎಲ್ಲ ಲೈಬ್ರರಿಯ ಪುಸ್ತಕದ ಬಲದಿಂದ ಹೆಣೆದದ್ದು. ಎರೆಭೂತದ ಕಾಲಿಗೆ ಹಿಂಬೆರಳೇ ಇಲ್ಲ. ಅದು ಕೊಂಬೆಯನ್ನೂ ಹಿಡಿದು ಕೂರಲಾರದು, ತಲೆಯ ಮಾತು ದೂರವೇ ಉಳಿಯಿತು. ಹಕ್ಕಿ ಬಲ್ಲ ಯಾರಾದರೂ ಮೊದಲ ಸಾಲಿಗೇ ನನ್ನನ್ನು ಹಿಡಿಯಬಹುದಿತ್ತು. ಕುತ್ತಿಗೆ ನೆಟ್ಟಗೇ ಇದೆ.

ನಾನು ಎಲಿಕಾಟ್ ಸಿಟಿಯಲ್ಲಿ ಸರ್ದಾರ್‌ನ ಮನೆಯಲ್ಲಿದ್ದೆ. ಕರಿಬೇವಿಗೆ ನೀರು ಹಾಕುತ್ತಿದ್ದಾಗ ಫೋನು ಬಡಿಯಿತು. ಆನ್ಸರಿಂಗ್ ಮಷೀನಿನಲ್ಲಿ ಟ್ರಾವೆಲ್ ಏಜೆಂಟಿನ ಹೆಂಗಸು, ಮ್ಯಾಡ್ರಿಡ್‌ನಿಂದ ನಿಮ್ಮ ಮೂವರ ವಾಪಸು ಫ್ಲೈಟಿನ ಹೊತ್ತು ಬದಲಾಗಿದೆ ಎಂದು ನಗುನಗುತ್ತ ಹೇಳಿದಳು. ಮೂರನೆಯವನು ಗೋಪಿನಾಥ. ಅವನೂ ಆಫೀಸಿಗೆ ರಜೆ ಹಾಕಿದ್ದ, ಹಲ್ಲುನೋವು ಎಂದು. ನಾನು ನಕ್ಷೆ ಹರಡಿದ್ದ ಅದೇ ಕಾರ್ಪೆಟ್ಟಿನ ಮೇಲೆ ನೀರಿನ ಚೊಂಬು ಹಿಡಿದುಕೊಂಡು ಕೂತೆ. ಗಿಡ ಒಣಗಿ ಸಾಯಲಿ ಎಂದುಕೊಂಡೆ. ಬೇರಿಗೆ ಬಿಸಿನೀರು ಸುರಿಯೋಣ ಎಂದೂ ಅಂದುಕೊಂಡೆ.

ಮರುದಿನ ಹೋಗಿ ನೀರು ಹಾಕಿದೆ. ಅದರ ಮರುದಿನವೂ ಹೋದೆ. ನೀರು ಹಾಕಲೆಂದೇ ಹೋದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಹಕ್ಕಿ ಕಂಡ ದಿನ ಸರ್ದಾರ್‌ಗೆ ತಡೆದುಕೊಳ್ಳಲಾಗುವುದಿಲ್ಲ, ಎಲ್ಲವನ್ನೂ ಬದಿಗಿಟ್ಟು ತನ್ನ ಮನೆಗೇ ಫೋನು ಮಾಡಿ, ಹರಿ, ಇದೀಯೇನೋ, ಎತ್ತೋ ಎನ್ನುತ್ತಾನೆ ಎಂದು ಆ ಮಷೀನಿನ ಪಕ್ಕದಲ್ಲಿ ಕೂತಿರುತ್ತಿದ್ದೆ.

ಅವನು ಮಾಡಲಿಲ್ಲ.