ಮೈಮೇಲೆ ಮಣಿ ಸಿಕ್ಕವರು

"ಬಾಯಿ ತೆಗಿಯೇ. ಅಗಲ ತೆಗಿ. ನಾಲಿಗೆ ಎತ್ತು. ಅದರ ಕೆಳಗೇನೂ ಬಚ್ಚಿಟ್ಟಿಲ್ಲ ತಾನೆ, ಕಳ್ಳ ಮುಂಡೆ?"

ಮೇಸ್ತ್ರಿ ಟಾರ್ಚು ಹಿಡಿದು ಬಜಾರಿಯ ಬಾಯೊಳಗೆ ಇಣುಕಿದ. ಅದು ಅಂತಿಂಥ ಬಾಯಲ್ಲ. ಒಮ್ಮೆ ಬೈದರೆ ಮೂರು ಬೀದಿಯ ನಾಯಿಗಳು ಬಾಲ ಮುದುರಿಕೊಂಡು ಊರು ಬಿಡುತ್ತಿದ್ದವು, ಗೋಡೆಯ ಸುಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು. ಅಂಥ ಬಾಯನ್ನು ದಿನಾ ಸಂಜೆ ಮಾರಾಟದ ಎತ್ತಿನ ಹಾಗೆ ತೆರೆದು ತೋರಿಸಿದರೆ ಮಾತ್ರ ಮಣಿಸರದ ಕಾರ್ಖಾನೆಯಿಂದ ಬಿಡುಗಡೆ.

"ಹಲ್ಲೆಲ್ಲ ಸರಿಯಾಗಿದ್ವಾ ಅಣ್ಣ?" ಎಂದಳು ಬಾಯಿ ಮುಚ್ಚಿ. "ಹಿಂದಿನದೊಂದು ಹುಳುಕು. ಬೇಕಾದ್ರೆ ಕಿತ್ಕೋ, ಸಾಹುಕಾರ್ರ ಉಂಗುರಕ್ಕಾಗುತ್ತೆ."

ಸಾಲಿನಲ್ಲಿದ್ದ ಹೆಂಗಸರು ಮೂಗಿನೊಳಗೇ ನಕ್ಕರು.

ಬಜಾರಿಯ ಕೈಯದು ಇನ್ನೊಂದು ಕಥೆ. ಕೂದಲಿಗಿಂತ ಸಣ್ಣ ನೂಲಿಗೆ ಮೊದಲೇ ಮಣಿ ಪೋಣಿಸಿಟ್ಟುಕೊಂಡು, ಕೊಕ್ಕೆಕಡ್ಡಿಯಲ್ಲಿ ಎಳೆದೆಳೆದು ಕುಣಿಕೆಗೊಂದು ಮಣಿ ಕೂರಿಸುತ್ತ ಹೋದಳೆಂದರೆ ಕಡ್ಡಿಯಿಂದ ಹೊಗೆ ಏಳುತ್ತಿತ್ತು. ಪಕ್ಕದವಳು ನೀರು ಚಿಮುಕಿಸಬೇಕಿತ್ತು. ಮಣಿಗಳೋ, ಸಾಸಿವೆಗಿಂತ ಸಣ್ಣವು. ಬೆವರಿಗೆ ಅಂಟುತ್ತವೆ, ಜಡೆಗೆ ನುಗ್ಗುತ್ತವೆ, ಕಿವಿಯಲ್ಲಿ ಬಿಡಾರ ಹೂಡುತ್ತವೆ. ಒಬ್ಬಳು ಸೀನಿದರೆ ಒಂದು ಬಳೆಗಾಗುವಷ್ಟು ಉದುರುತ್ತಿದ್ದವು. ಸಾಹುಕಾರನ ಕಾನೂನು ಮಾತ್ರ ಕಲ್ಲಲ್ಲಿ ಕೊರೆದದ್ದು: ಹೊರಡುವಾಗ ಯಾರ ಮೈಮೇಲೆ ಮಣಿ ಸಿಕ್ಕಿತೋ ಅವಳು ಒಳರೂಮಿಗೆ ಹೋಗಿ ಬಟ್ಟೆ ಬಿಚ್ಚಿ ಒದರಿ ತೋರಿಸಬೇಕು. ಮೇಸ್ತ್ರಿ ಅಲ್ಲಿ ಮರ್ಯಾದೆಯಿಂದ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಗೋಡೆಯಲ್ಲಿ ಕನ್ನಡಿ ಇದೆ.

ಮುಂದಿನ ಸರದಿ ಬಜಾರಿಯ ಸೊಸೆಯದು. ಕೆಲಸಕ್ಕೆ ಸೇರಿ ವಾರವಾಗಿರಲಿಲ್ಲ. ತನ್ನ ನೆರಳಿಗೂ ದಾರಿ ಬಿಡುವಂಥ ಹುಡುಗಿ. ಮೇಸ್ತ್ರಿ ಅವಳ ಜಡೆ ಹಿಡಿದು ಕೊಡವಿದ. ಕೆಂಪು ಮಣಿಯೊಂದು ನೆಲಕ್ಕೆ ಬಿತ್ತು.

"ಸಿಕ್ತು ನೋಡಿ, ಸಾಹುಕಾರ್ರೇ."

ಸಾಹುಕಾರ ಕುರ್ಚಿಯಿಂದ ಏಳಲಿಲ್ಲ. ಅವನು ಏಳಬೇಕಾದರೆ ಹೊಟ್ಟೆಗೆ ಹಿಂದಿನ ದಿನವೇ ಹೇಳಿ ಕಳಿಸಬೇಕಿತ್ತು. "ಒಳಗೆ ಕರ್ಕೊಂಡ್ಹೋಗು. ಇಂಥ ದರಿದ್ರಗಳಿಗೆ ಮಾನ ಎಲ್ಲಿದೆ, ಹೋಗೋಕೆ?"

ಸೊಸೆ ಬಜಾರಿಯ ತೋಳು ಬಿಗಿಯಾಗಿ ಹಿಡಿದಳು. "ಅತ್ತೆ, ನಾನು ಹೋಗಲ್ಲ. ಸತ್ರೂ ಹೋಗಲ್ಲ."

"ಸಾಯೋದೆಲ್ಲ ಬೇಡ, ಸುಮ್ನಿರು."

ಹಾಗಂದು ಬಜಾರಿ ಸೊಸೆಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಆ ರೂಮಿಗೆ ಅವಳೂ ಹೋಗಿಬಂದವಳೇ. ಅದೊಂದನ್ನು ಮಾತ್ರ ಅವಳು ಯಾರ ಮುಂದೆಯೂ ಉಪ್ಪುಖಾರ ಹಚ್ಚಿ ಹೇಳಿರಲಿಲ್ಲ.

ಕುರ್ಚಿಯ ಪಕ್ಕದಲ್ಲಿ ಸಾಹುಕಾರನ ಹೆಂಡತಿ ಅಮ್ಮಾವ್ರು ಔತಣಕ್ಕೆ ಹೊರಟು ನಿಂತಿದ್ದರು. ಬಜಾರಿ ಹೆಣೆಯುತ್ತಿದ್ದ ಹಲವು ಸುತ್ತಿನ ಸರವನ್ನು ಮುಗಿಯುವ ಮೊದಲೇ ಕಿತ್ತುಕೊಂಡು, ತಾವೇ ನೂಲು ಕತ್ತರಿಸಿ ಕೊರಳಿಗೇರಿಸಿದ್ದರು. ಕೊಕ್ಕೆ ಹೆಣಿಗೆಯ ಗುಣ ಅವರಿಗೇನು ಗೊತ್ತು? ಕೊನೆಯ ಕುಣಿಕೆಗೆ ಗಂಟು ಬೀಳದಿದ್ದರೆ, ತುದಿ ಹಿಡಿದು ಎಳೆದವರ ಕೈಗೆ ಇಡೀ ಸರ ಬರೀ ನೂಲಾಗಿ ಬರುತ್ತದೆ.

"ಅಮ್ಮಾವ್ರೇ, ಒಂದೆಳೆ ಈಚೆ ಬಂದಿದೆ. ಸರಿ ಮಾಡ್ಲಾ?"

"ಬೇಗ ಮಾಡು. ಕೈ ತೊಳ್ಕೊಂಡಿದೀಯಾ?"

"ಈಗ ತೊಳ್ಕೋತೀನಿ."

ಬಜಾರಿ ತುದಿ ಹಿಡಿದು ಬಾಗಿಲವರೆಗೆ ಓಡಿದಳು. ಕುಣಿಕೆಯೊಳಗಿಂದ ಕುಣಿಕೆ ಸರ್ರನೆ ಕಳಚಿತು. ಅರ್ಧದಷ್ಟು ಮಣಿ ಅಮ್ಮಾವ್ರ ಬಟ್ಟೆಯೊಳಗೆ ಜಾರಿದವು. ಉಳಿದರ್ಧ ಇನ್ನೂ ಅಂಟಿಕೊಂಡಿದ್ದ ನೂಲನ್ನು ಬಜಾರಿ ಚಾಟಿಯಂತೆ ತಲೆಯ ಮೇಲೆ ಬೀಸಿದಳು. ಆಲಿಕಲ್ಲು ಮಳೆಯೂ ನಾಚಬೇಕು! ಸಾಹುಕಾರನ ಜೇಬು, ಮೇಸ್ತ್ರಿಯ ಮೀಸೆ, ಹೆಂಗಸರ ತಲೆ, ಒಂದನ್ನೂ ಬಿಡದೆ ಕೆಂಪು ಮಣಿ ಸುರಿಯಿತು.

"ಅಯ್ಯೋ, ಕಚಗುಳಿ," ಎಂದು ಅಮ್ಮಾವ್ರು ಕುಣಿದರು.

"ಈಗ ಎಲ್ಲರ ಮೈಮೇಲೂ ಮಣಿ ಇದೆ," ಎಂದಳು ಬಜಾರಿ. "ಕಾನೂನು ಅಂದ್ರೆ ಕಾನೂನು. ಎಲ್ರೂ ಒಳಗೆ ಹೋಗೋಣ. ದೊಡ್ಡೋರು ಮೊದಲು."

"ಬಾಗಿಲು ಬಿಡೇ, ನಾಯಿ," ಸಾಹುಕಾರ ಅರಚಿದ. "ನಾಳೆಯಿಂದ ನಿನಗೆ ಕೆಲಸ ಇಲ್ಲ."

"ನಾಳೇದು ನಾಳೆಗಾಯ್ತು. ಇವತ್ತಿನ ತಪಾಸಣೆ ಮುಗೀಲಿ."

ಅವಳು ಹೊಸ್ತಿಲ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಪಕ್ಕದವಳು ಬಂದು ಕೂತಳು. ಆಮೇಲೆ ಸಾಲಿಗೆ ಸಾಲೇ ಬಂದು ಬಾಗಿಲಿಗೆ ಗೋಡೆ ಕಟ್ಟಿದಂತೆ ಕೂತಿತು. ಮೇಸ್ತ್ರಿ ಸಾಹುಕಾರನ ಮುಖ ನೋಡಿದ, ಸಾಹುಕಾರ ಮೇಸ್ತ್ರಿಯ ಮುಖ ನೋಡಿದ. ಅಮ್ಮಾವ್ರು ಹೊರಗೆ ಹೋಗಲೆಂದು ಒಂದು ಹೆಜ್ಜೆ ಇಟ್ಟರು. ಬಟ್ಟೆಯಂಚಿನಿಂದ ಮಣಿಯೊಂದು ಉದುರಿ ಉರುಳಿತು. ಇದ್ದಲ್ಲೇ ನಿಂತರು.

ಅದುವರೆಗೆ ಅತ್ತೆಯ ಬೆನ್ನ ಹಿಂದಿದ್ದ ಸೊಸೆ ಈಚೆ ಬಂದಳು.

"ಅಮ್ಮಾವ್ರೇ," ಎಂದಳು, "ರೂಮು ಆ ಕಡೆ."