ಮೋರಿಯಲ್ಲಿಟ್ಟ ನೀರಿನ ಬಾಟಲಿ

ಜುಲೈ ತಿಂಗಳಲ್ಲಿ ಕೊಲೊಸಿಯಂ ನೋಡಲು ರೋಮ್‌ಗೆ ಬಂದವರು ಮೊದಲು ನೋಡುವುದು ನೀರು ಎಲ್ಲಿ ಸಿಗುತ್ತದೆ ಅಂತ. ಅವರ ಬಾಯಾರಿಕೆಯಿಂದಲೇ ಮೊತಾಲೆಬನ ಮನೆಯಲ್ಲಿ ಅನ್ನ, ಬೇಳೆ, ಮೀನು ಬೇಯುತ್ತಿತ್ತು. ಬಾಂಗ್ಲಾದಿಂದ ಬಂದು ಒಂಬತ್ತು ವರ್ಷವಾಗಿದ್ದರೂ ನೀರು ಮಾರಲು ಅವನಿಗೆ ಪರವಾನಗಿ ಇರಲಿಲ್ಲ. ಕಾಲುಗಳಿದ್ದವು. ಪೊಲೀಸರು ಕಂಡರೆ ಓಡಲು ಅವು ಸಾಕಾಗಿದ್ದವು.

ಬಾಟಲಿಗಳಿಗೆ ಕಾಲಿಲ್ಲವಲ್ಲ! ಅದಕ್ಕೇ ಅಲ್ಲಿನ ನೀರು ಮಾರುವವರು ಒಂದು ಉಪಾಯ ಮಾಡಿಕೊಂಡಿದ್ದರು. ರಸ್ತೆ ಬದಿಯ ಮೋರಿಯ ಜಾಲರಿ ಎತ್ತಿ, ಬಾಟಲಿ ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಒಳಗೆ ಇಳಿಬಿಡುವುದು. ಕೈಯಲ್ಲಿ ನಾಲ್ಕೇ ಬಾಟಲಿ. ಅವು ಖರ್ಚಾದರೆ ಇನ್ನು ನಾಲ್ಕು ಮೇಲಕ್ಕೆ. ನೆಲದಡಿಯ ಗೋದಾಮು, ಕಾವಲಿಗೆ ಇಲಿಗಳು.

ಒಂದು ಮಧ್ಯಾಹ್ನ ಜೊಹುರಾ ಆಪಾ ಇದನ್ನು ಕಂಡರು. ಅವರು ಮೊತಾಲೆಬನ ಕೆಳಗಿನ ಮನೆಯವರು, ಅಲ್ಲಿನ ಬಂಗಾಳಿಗಳಿಗೆಲ್ಲ ಆಪಾ, ಅಂದರೆ ಅಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ಬಂಗಾಳಿ ರೋಗಿಗಳ ಮಾತನ್ನು ಡಾಕ್ಟರಿಗೆ ತಿಳಿಸಿ ಹೇಳುವ ಕೆಲಸ ಅವರದು.

"ಏನೋ ಮೊತಾಲೆಬ್, ಅದೇನು ಬಾವಿಯೇನೋ ಸೇದೋಕೆ?"

"ಫ್ರಿಜ್ಜು ಆಪಾ! ಕರೆಂಟ್ ಬಿಲ್ ಬರದಿರೋ ಫ್ರಿಜ್ಜು."

"ನಿನ್ನ ಫ್ರಿಜ್ಜಲ್ಲಿ ಇಲಿ ಉಚ್ಚೆ ಹೊಯ್ಯುತ್ತಲ್ಲೋ. ಅದರಿಂದ ಇಲಿ ಜ್ವರ ಬರುತ್ತೆ. ಆಸ್ಪತ್ರೇಲಿ ಎಷ್ಟು ಜನರನ್ನ ನೋಡಿದೀನಿ ಗೊತ್ತಾ?"

"ಮುಚ್ಚಳ ಸೀಲ್ ಆಗಿದೆ ಆಪಾ. ಇಲಿ ಸೀಲ್ ಒಡೆದು, ಕೆಲಸ ಮುಗಿಸಿ, ಮತ್ತೆ ಸೀಲ್ ಹಾಕಿ ಹೋಗುತ್ತಾ?"

"ನೀರೇನೋ ಒಳಗಿದೆ. ಕುಡಿಯೋರ ತುಟಿ ತಾಗೋದು ಹೊರಗೆ. ಅದಕ್ಕೇನ್ ಮಾಡ್ತೀಯ?"

ಮೊತಾಲೆಬ್ ಹೆಗಲ ಟವೆಲ್ ತೆಗೆದು ಒಂದು ಬಾಟಲಿಯನ್ನು ಫಳಫಳ ಒರೆಸಿ ತೋರಿಸಿದ.

"ಆ ಟವೆಲ್ಲನ್ನ ಯಾವಾಗ ತೊಳೆದಿದ್ದೆ?"

"ಈದ್ ಹಬ್ಬಕ್ಕೆ."

"ಯಾವ ವರ್ಷದ್ದು? ಪರವಾನಗಿ ಮಾಡಿಸ್ಕೋ ಅಂದ್ರೆ ನಾಳೆ, ಟವೆಲ್ ಒಗಿ ಅಂದ್ರೂ ನಾಳೆ. ನಿನ್ನ ನಾಳೆಗಳನ್ನೆಲ್ಲ ಯಾವ ಮೋರೀಲಿ ಬಚ್ಚಿಟ್ಟಿದೀಯೋ!" ಎಂದು ಆಪಾ ಬಸ್ಸು ಹತ್ತಿದರು.

ಎರಡು ವಾರವಾಗಿರಬೇಕು. ಮೊತಾಲೆಬನ ಆರು ವರ್ಷದ ಮಗಳು ಟುನಿಗೆ ಜ್ವರ ಬಂತು. ಮೈ ಹಂಚಿನ ಹಾಗೆ ಸುಡುತ್ತಿತ್ತು. ಕಣ್ಣು ಕೆಂಪಗಾಗಿತ್ತು. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದಳು. ಹೆಂಡತಿ ಶೆಫಾಲಿ ಎರಡು ದಿನ ಒದ್ದೆ ಬಟ್ಟೆ ಹಾಕಿ ಹಾಕಿ ಸೋತಳು. ಮೂರನೆಯ ದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳಿದರು. ಜೊಹುರಾ ಆಪಾ ಬಂಗಾಳಿಯಲ್ಲಿ ಹೇಳಿದರು. "ಕೆರೆ, ಹೊಳೇಲಿ ಆಡಿದ್ಲಾ? ಮನೇಲಿ ಇಲಿ ಇದಾವಾ? ಕೊಳಚೆ ಏನಾದ್ರೂ ತಾಗಿತ್ತಾ?"

"ಇಲ್ಲ, ಇಲ್ಲ, ಏನೂ ಇಲ್ಲ," ಅಂದ ಮೊತಾಲೆಬ್. ಅದು ಸುಳ್ಳು. ಖರ್ಚಾಗದ ಬಾಟಲಿಗಳನ್ನು ಅವನು ದಿನಾ ಸಂಜೆ ಮನೆಗೆ ತರುತ್ತಿದ್ದ. ಟುನಿ ಅವುಗಳ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದು ಕುಡಿಯುತ್ತಿದ್ದಳು. ಇದು ಆಪಾಗೂ ಗೊತ್ತಿರಲಿಲ್ಲ.

ಆಪಾ ಅವನನ್ನು ಕಿಟಕಿ ಹತ್ತಿರ ಕರೆದರು. "ಏನೋ ಮುಚ್ಚಿಡ್ತಿದೀಯ. ಮುಖದಲ್ಲೇ ಬರೆದಿದೆ."

"ಹೇಳಿದ್ರೆ ಪೊಲೀಸ್ರಿಗೆ ತಿಳಿಸ್ತಾರೆ ಆಪಾ. ಇಲ್ಲಿರೋಕೆ ಕೊಟ್ಟಿರೋ ಕಾಗದ ಈ ತಿಂಗಳೇ ಹೊಸದು ಮಾಡಿಸ್ಬೇಕು. ಅದು ಹೋದ್ರೆ ಮೂರು ಜನಾನೂ ವಾಪಸ್ ಹೋಗ್ಬೇಕಾಗುತ್ತೆ."

"ಅಯ್ಯೋ ಹುಚ್ಚಪ್ಪ! ಇವರು ಡಾಕ್ಟರು ಕಣೋ. ನೀನು ಕಳ್ಳನಾದ್ರೆ ಅವರಿಗೇನೂ ಆಗ್ಬೇಕಾಗಿಲ್ಲ. ಸುಳ್ಳನಾದ್ರೆ ಮಾತ್ರ ಮಗೂಗೆ ಔಷಧಿ ತಪ್ಪುತ್ತೆ. ಕಾಗದದ ಚಿಂತೆ ಆಮೇಲೆ. ಮೊದ್ಲು ಮಗು."

ಅಷ್ಟರಲ್ಲಿ ಟುನಿ ನರಳಿದಳು. ಮೊತಾಲೆಬ್ ತಿರುಗಿ ಬಂದು ಡಾಕ್ಟರಮ್ಮನ ಮುಂದೆ ನಿಂತ. ಮೋರಿ, ಹಗ್ಗ, ಚೀಲ, ಟವೆಲ್, ಟುನಿ ಕಚ್ಚಿ ತೆಗೆದ ಮುಚ್ಚಳ, ಎಲ್ಲ ಹೇಳಿದ. ಟವೆಲ್ಲಿನ ವಿಷಯ ಬಂದಾಗ ಶೆಫಾಲಿ ಹಣೆ ಚಚ್ಚಿಕೊಂಡಳು. "ಟುನಿ ಅಪ್ಪಾ, ಇದನ್ನ ನನ್ನ ಹತ್ರಾನಾದ್ರೂ ಹೇಳಬಾರದಿತ್ತಾ?"

ಡಾಕ್ಟರಮ್ಮ ಬೈಯಲಿಲ್ಲ. ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ವರದಿಗೆ ಕಾಯದೆ ಆಗಲೇ ಔಷಧಿ ಶುರು ಮಾಡಿದರು. "ಹೇಳಿದ್ದು ಒಳ್ಳೇದಾಯ್ತು. ತಡವಾಗಿದ್ರೆ ಕಿಡ್ನಿಗೆ ಏಟು ಬೀಳ್ತಿತ್ತು," ಅಂದರು. ಪೊಲೀಸರು ಯಾರೂ ಬರಲಿಲ್ಲ. ಬಂದದ್ದು ಒಬ್ಬಳು ನರ್ಸು, ಮೊತಾಲೆಬನಿಗೆ ಕುರ್ಚಿ ಹಿಡಿದುಕೊಂಡು.

ಇಲಿ ಜ್ವರವೇ ಎಂದು ವರದಿ ಹೇಳಿತು. ಅದು ಕೈಗೆ ಬರುವ ಹೊತ್ತಿಗೆ ಟುನಿಯ ಮೈ ತಣ್ಣಗಾಗಿತ್ತು. "ಅಮ್ಮಾ, ಖಿಚಡಿ ಬೇಕು, ಮೇಲೆ ಮೊಟ್ಟೆ ಇರ್ಬೇಕು," ಎಂದು ಹಟ ಹಿಡಿದಳು. ಶೆಫಾಲಿ ಅಳುತ್ತಾ ನಕ್ಕಳು. ಮೊತಾಲೆಬ್ ಮಗಳ ಹಣೆ ಮುಟ್ಟಿದ, ನಂಬಿಕೆ ಬಾರದೆ ಮತ್ತೆ ಮುಟ್ಟಿದ. ಮೂರನೆಯ ಸಲ ಮುಟ್ಟಲು ಹೋದಾಗ ಟುನಿ ಕೈ ತಳ್ಳಿ, "ಸಾಕಪ್ಪಾ, ಸವೆದು ಹೋಗುತ್ತೆ," ಅಂದಳು.

ಮರುದಿನ ಅವನು ಜೊತೆಯ ಮಾರಾಟಗಾರರ ಬಳಿ ಹೋಗಿ ನಡೆದದ್ದನ್ನು ಹೇಳಿದ.

"ಏನ್ ಭಾಯ್, ನಮ್ಮ ಹುಲಿ ಇಲಿಗೆ ಹೆದರಿಬಿಡ್ತಾ?" ಎಂದು ಒಬ್ಬ ಕಿಚಾಯಿಸಿದ.

"ಹೆದರಿದೆ ಕಣಪ್ಪ. ಮಿಕ್ಕ ಬಾಟಲಿ ನೀವೂ ಮನೆಗೇ ತಾನೆ ಒಯ್ಯೋದು?"

ಕಿಚಾಯಿಸಿದವನಿಗೂ ಇಬ್ಬರು ಮಕ್ಕಳು. ಅವನು ತನ್ನ ಚೀಲವನ್ನು ಮೋರಿಯಿಂದ ಮೇಲಕ್ಕೆಳೆದ.

ಈಗ ಮೊತಾಲೆಬ್ ವಾರದ ಸಂತೆಯಲ್ಲಿ, ಪರವಾನಗಿ ಇರುವ ಒಬ್ಬರ ಹಣ್ಣಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಆಪಾ ಜೊತೆ ಹೋಗಿ ತನ್ನ ಪರವಾನಗಿಗೂ ಅರ್ಜಿ ಕೊಟ್ಟು ಬಂದಿದ್ದಾನೆ.

ನೀರು ಕೊಳ್ಳುವ ಅಕ್ಕ ಅಣ್ಣಂದಿರೇ, ಸೀಲ್ ಇದ್ದರೆ ಸಾಲದು. ಬಾಟಲಿಯ ಕತ್ತನ್ನು ಶುದ್ಧ ನೀರಿನಲ್ಲಿ ತೊಳೆದೇ ಕುಡಿಯಿರಿ. ಮುಚ್ಚಳವನ್ನು ಹಲ್ಲಿನಿಂದ ಕಚ್ಚಬೇಡಿ, ಮಕ್ಕಳಿಗೂ ಕಚ್ಚಲು ಬಿಡಬೇಡಿ. ಮಾರುವವರೇ, "ಎಲ್ಲಿಟ್ಟಿದ್ರಿ?" ಎಂದು ಯಾರಾದರೂ ಕೇಳಿದರೆ ನಾಚದೆ ಹೇಳಬಹುದಾದ ಜಾಗದಲ್ಲಿ ನೀರಿಡಿ, ಪರವಾನಗಿ ಪಡೆದು ಮಾರಿ. ಜ್ವರದಿಂದ ಮೈ ಸುಡುತ್ತಾ, ಮೀನಖಂಡ ನೋಯುತ್ತಾ, ಕಣ್ಣು ಕೆಂಪಾದರೆ ಅಂದೇ ಆಸ್ಪತ್ರೆಗೆ ಹೋಗಿ. ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಚ್ಚಳ ಬಾಟಲಿಗಿರಲಿ, ನಿಮ್ಮ ಬಾಯಿಗೆ ಬೇಡ.